ಅರವತ್ತಕ್ಕೆ ಅರಳುಮರಳು, ನಲವತ್ತಕ್ಕೇ ಎಚ್ಚರ

ಉಪ್ಪಾರಹಳ್ಳಿಯ ಮನೆಯಲ್ಲಿ ಮಂಗಳಗೌರಿ ಬೆಳಬೆಳಗ್ಗೆ ನೆನೆಸಿದ ಅವರೆಕಾಳು ಹಿತಕುತ್ತಾ ಕೂತಿದ್ದಳು. ಪಕ್ಕದಲ್ಲಿ ಏಳು ವರ್ಷದ ಮಗಳು ಇಂಪನಾ. ಅಷ್ಟರಲ್ಲಿ ಮಾವ ವೆಂಕಟರಂಗಯ್ಯ ಬಂದು ಮೊಮ್ಮಗಳ ತಲೆ ಸವರಿ, "ಚಿಕ್ಕಮಾರೀ, ಬೆಳ್ಳಾವಿಯಿಂದ ಯಾವಾಗ ಬಂದ್ಯವ್ವಾ?" ಎಂದರು.

ಚಿಕ್ಕಮಾರಮ್ಮ ಅವರ ತಂಗಿ. ತೀರಿಹೋಗಿ ಹನ್ನೆರಡು ವರ್ಷ. ಮಂಗಳಗೌರಿಯ ಕೈ ನಿಂತಿತು. ಇಂಪನಾ ಏನೋ ಕೇಳಲು ಹೋಗಿ, ಅಮ್ಮನ ಮುಖ ನೋಡಿ ಸುಮ್ಮನಾದಳು.

ಬಾಗಿಲಲ್ಲಿ ಸಿಗರೇಟು ಹಚ್ಚುತ್ತಿದ್ದ ಗಂಡ ಭಾನುಪ್ರಕಾಶ್, "ಬುಡು, ಅರವತ್ತಕ್ಕೆ ಅರಳುಮರಳು. ನಾಳೆ ನಂಗೂ ಬರುತ್ತೆ. ಹಣೆಬರಹ ತಪ್ಪುತ್ತಾ?" ಎಂದ.

"ಯಾರಣ್ಣಾ ಹಂಗಂದಿದ್ದು?" ಎದುರುಮನೆ ಕೂಸಿಗೆ ಲಸಿಕೆ ಹಾಕಿ ಬರುತ್ತಿದ್ದ ನರ್ಸ್ ಗಂಗಾಂಬಿಕೆ ಅಲ್ಲೇ ನಿಂತಳು. "ಇದು ಮೆದುಳಿನ ಕಾಯಿಲೆ. ವಯಸ್ಸಾದೋರಿಗೆಲ್ಲ ಬರಲ್ಲ. ನಿಮ್ಮ ಬಿಪಿ ಮಾತ್ರೆ ಏನಾಯ್ತು?"

"ತಲೆನೋವೇ ಇಲ್ಲ. ಅದ್ಕೇ ಬಿಟ್ಟೆ."

"ಬಿಪಿ ಬಾಗಿಲು ತಟ್ಕೊಂಡು ಬರಲ್ಲ ಕಣಣ್ಣಾ. ಬಿಪಿ, ಶುಗರ್, ಈ ಸಿಗರೇಟು, ಮೂರೂ ಮೆದುಳಿನ ರಕ್ತನಾಳ ಕೆಡಿಸ್ತವೆ. ನಲವತ್ತಕ್ಕೇ ಹುಷಾರಾಗ್ಬೇಕು."

"ಇವೆಲ್ಲ ಸರಿ ಮಾಡ್ಕೊಂಡ್ರೆ ಬರೋದೇ ಇಲ್ವಾ?" ಮಂಗಳಗೌರಿ ಕೇಳಿದಳು.

"ಸುಳ್ಳು ಹೇಳಲ್ಲಕ್ಕಾ. ಬರೋ ಸಾಧ್ಯತೆ ಕಮ್ಮಿ ಆಗುತ್ತೆ. ಬೇಲಿ ಹಾಕಿದ ಹೊಲಕ್ಕೂ ಒಂದೊಂದ್ ಸಲ ದನ ನುಗ್ಗುತ್ತೆ. ಹಂಗಂತ ಬೇಲಿ ಹಾಕೋದು ಬಿಡ್ತೀವಾ?"

"ಇವ್ರು ಬೀದಿ ಕೊನೆ ಅಂಗಡಿಗೂ ಸ್ಕೂಟರ್ ತಗೀತಾರೆ. ಉಪ್ಪಿನಕಾಯಿ ಇಲ್ದೆ ತುತ್ತೇ ಇಳಿಯಲ್ಲ." ಮಂಗಳಗೌರಿ ಗಂಡನ ಕಡೆ ಕೈ ತೋರಿಸಿದಳು.

"ಚಾಡಿ ಹೇಳ್ಬೇಡ ಕಣೇ!"

ಗಂಗಾಂಬಿಕೆ ನಕ್ಕಳು. "ತಾತನ್ನೂ ಡಾಕ್ಟ್ರಿಗೆ ತೋರ್ಸಿ. ಸುಮ್ನೆ ಕೂರ್ಸ್ಬೇಡಿ, ಮಾತಾಡ್ಸಿ, ಕೈಗೊಂದು ಕೆಲ್ಸ ಕೊಡಿ."

ಮಂಗಳಗೌರಿ ಪಾತ್ರೆಯನ್ನು ಮಾವನ ಮುಂದೆ ಸರಿಸಿದಳು. ಅವರ ಬೆರಳುಗಳು ಪಟಪಟನೆ ಕಾಳು ಹಿತಕತೊಡಗಿದವು.

ಭಾನುಪ್ರಕಾಶ್ ತಲೆ ಕೆರೆದುಕೊಂಡ. "ಸರಿ, ಸೋಮವಾರದಿಂದ ನೋಡಣ."

ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಹೀಗೆ ಸೋಮವಾರ ಅನ್ನುವವರು ಇದ್ದಾರೆಯೇ? ಕಾಯಬೇಡಿ. ಇವತ್ತೇ ಅವರನ್ನು ಕರೆದುಕೊಂಡು ಅರ್ಧ ಗಂಟೆ ನಡೆಯಿರಿ. ಬಿಪಿ, ಶುಗರ್ ನೋಡಿಸಿ, ಡಾಕ್ಟರು ಹೇಳದೆ ಮಾತ್ರೆ ಬಿಡಬೇಡಿ. ಬೀಡಿ, ಸಿಗರೇಟು, ಕುಡಿತ ಬಿಡಿಸಿ. ತಟ್ಟೆಯಲ್ಲಿ ಸೊಪ್ಪು, ಕಾಳು ಹೆಚ್ಚಲಿ, ಉಪ್ಪು ತಗ್ಗಲಿ. ಕಿವಿ ಮಂದವಾದರೆ ತೋರಿಸಿ. ನಾಲ್ಕು ಜನರೊಂದಿಗೆ ಬೆರೆತು ನಗುನಗುತ್ತಾ ಇರಿ.

ಭಾನುಪ್ರಕಾಶನೂ ಸೋಮವಾರಕ್ಕೆ ಕಾಯಲಿಲ್ಲ. ಅವತ್ತು ಸಾಯಂಕಾಲವೇ, ಸ್ಕೂಟರ್ ಬಿಟ್ಟು ನಡೆದುಕೊಂಡೇ, ಬಿಪಿ ನೋಡಿಸಲು ಆಸ್ಪತ್ರೆಗೆ ಹೋದ. ಯಾಕೆಂದರೆ, ಬೆಳಗ್ಗೆ ಸುಮ್ಮನಾಗಿದ್ದ ಇಂಪನಾ ಕೊನೆಗೂ ಬಾಯಿಬಿಟ್ಟು ಅವನನ್ನು ಕೇಳಿದ್ದಳು:

"ಅಪ್ಪಾ, ನಿಂಗೆ ತಾತನಷ್ಟು ವಯಸ್ಸಾದ್ಮೇಲೆ ನನ್ನ ಏನಂತ ಕರೀತೀಯಾ?"