ಸುಟ್ಟ ಮೆಣಸಿನಕಾಯಿಯ ಉಪ್ಸಾರು

ಉಪ್ಸಾರು ಎಂದರೆ ಉಪ್ಪು ಹಾಕಿದ ನೀರು ಎನ್ನುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ, ನೇರವಾಗಿ ಜಗಳಕ್ಕೇ ಇಳಿಯುತ್ತೇನೆ. ಸೊಪ್ಪನ್ನೂ ಬೇಳೆಯನ್ನೂ ಉಪ್ಪು ಹಾಕಿ ಬೇಯಿಸಿ, ಬೆಂದ ನೀರನ್ನು, ಅಂದರೆ ಕಟ್ಟನ್ನು, ಬಸಿಯಬೇಕು. ಹಸಿಮೆಣಸಿನಕಾಯಿಯನ್ನು ಸಿಪ್ಪೆ ಕಪ್ಪಗಾಗುವಂತೆ ಸುಟ್ಟು, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣಿನ ಜೊತೆ ಕಲ್ಲಿನ ಮೇಲೆ ಅರೆಯಬೇಕು. ಬಿಸಿ ಮುದ್ದೆಗೆ ಕಟ್ಟು ಬಿಟ್ಟು ತಟ್ಟೆಯ ಮೂಲೆಯಲ್ಲಿ ಖಾರ ಇಟ್ಟರೆ ಆಯಿತು, ಎಷ್ಟು ಬೇಕೋ ಅಷ್ಟು ಅವರವರೇ ಕಲಸಿಕೊಳ್ಳುತ್ತಾರೆ. ಅದಕ್ಕೆ ಒಗ್ಗರಣೆ ಇಲ್ಲ, ತೆಂಗಿನಕಾಯಿ ಇಲ್ಲ, ಬೆಲ್ಲವಂತೂ ಇಲ್ಲವೇ ಇಲ್ಲ. ಲೊಕ್ಕನಹಳ್ಳಿಯ ನಮ್ಮ ಮನೆಯಲ್ಲಿ ವಾರದಲ್ಲಿ ಹೆಚ್ಚು ದಿನ ಇದೇ ಸಾರು. ಯಾರಿಗೂ ಬೇಸರವಾದದ್ದನ್ನು ನಾನು ನೋಡಿಲ್ಲ.

ಕೊಳ್ಳೇಗಾಲದಲ್ಲಿ ಉಪ್ಸಾರು ತಿನ್ನುವವರಿಲ್ಲ ಎಂದಲ್ಲ, ಬೇಕಾದಷ್ಟು ಜನ ಇದ್ದಾರೆ. ನನ್ನ ಹಣೆಬರಹಕ್ಕೆ ನಾನು ಸೊಸೆಯಾಗಿ ಬಂದದ್ದು ಅದನ್ನು ಸಾರೆಂದೇ ಒಪ್ಪದ ಮನೆಗೆ. ನನ್ನ ಅತ್ತೆ ಶಿವನಂಜಮ್ಮ ಅದಕ್ಕೆ ಇಟ್ಟ ಹೆಸರು ಕೈ ತೊಳೆದ ನೀರು. ಮಾವ ಚೌಡೇಶಪ್ಪ ರೇಷ್ಮೆ ಸೀರೆ ನೇಯುವವರು, ಮಗ್ಗ ನಡುಮನೆಯಲ್ಲಿದೆ, ಅಡುಗೆಮನೆ ಅದರ ಹಿಂದೆಯೇ. ಮದುವೆಯಾದ ಹೊಸತರಲ್ಲಿ ನಾನು ಆಸೆ ತಡೆಯಲಾರದೆ ಗ್ಯಾಸಿನ ಉರಿಯಲ್ಲಿ ಮೆಣಸಿನಕಾಯಿ ಸುಟ್ಟೆ. ಘಾಟು ಮಗ್ಗದವರೆಗೆ ಹೋಯಿತು. ಮಾವ ಸೀನಿದ ರಭಸಕ್ಕೆ ಲಾಳಿ ಅಡ್ಡಾದಿಡ್ಡಿ ನುಗ್ಗಿ ಹಾಸಿನ ಎಳೆಗಳು ಕಿತ್ತುಹೋದವು. ಮಧ್ಯಾಹ್ನವೆಲ್ಲ ಅವರು ಎಳೆ ಹುಡುಕಿ ಗಂಟು ಹಾಕುತ್ತ ಕೂತರು, ಒಂದು ಮಾತೂ ಆಡಲಿಲ್ಲ. ಆಡಬೇಕಾದದ್ದನ್ನೆಲ್ಲ ಅತ್ತೆಯೇ ಆಡಿದರು. ಅಂದಿನಿಂದ ಈ ಮನೆಯಲ್ಲಿ ಮೆಣಸಿನಕಾಯಿ ಸುಡುವುದು ಬಂದ್.

ಇದನ್ನೆಲ್ಲ ನಾನು ನುಂಗಿಕೊಂಡೆ. ನುಂಗಲಾಗದೆ ಗಂಟಲಲ್ಲೇ ಉಳಿದದ್ದು ಅವ್ವನ ಕೋಪ.

ಹೇಮಂತ್ ಮತ್ತು ನಾನು ಜಾತಿ ನೋಡಿ ಮದುವೆಯಾದವರಲ್ಲ. ನಾನು ಕೊಳ್ಳೇಗಾಲದ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ, ಅವರು ಅಲ್ಲಿಗೆ ಸೀರೆ ಹಾಕಲು ಬರುತ್ತಿದ್ದರು, ಅಷ್ಟೇ ಸಾಕಾಯಿತು. ಅಪ್ಪ ನಿಂಗಯ್ಯ ಬೇಗ ಕರಗಿದ. ಪೇಟೆಗೆ ಬಂದಾಗಲೆಲ್ಲ ಅವರೆಕಾಯಿಯ ಚೀಲ ತಂದಿಟ್ಟು ಊಟ ಮಾಡಿಯೇ ಹೋಗುತ್ತಿದ್ದ. ಅವ್ವ ಮಾದೇವಮ್ಮ ಮಾತ್ರ ಹೊಸಲು ತುಳಿದಿರಲಿಲ್ಲ. ಫೋನಿನಲ್ಲಿ ಮಾತಾಡುತ್ತಿದ್ದಳು, ನಗುತ್ತಲೂ ಇದ್ದಳು, ಆದರೆ ಮನೆಗೆ ಬಾ ಎಂದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆ ಮನೆಯಲ್ಲಿ ನನ್ನ ಕೈ ಎಂಜಲಾಗುವುದಿಲ್ಲ ಎಂದು ಊರಿನವರೆಲ್ಲರ ಮುಂದೆ ಹೇಳಿಬಿಟ್ಟಿದ್ದಳು. ನಮ್ಮ ಕಡೆ ಒಂದು ಮನೆಯಲ್ಲಿ ಊಟ ಮಾಡಿದರೆ ಆ ಮನೆ ನಂಟಸ್ತನದ್ದು, ಇಲ್ಲದಿದ್ದರೆ ಇಲ್ಲ. ಅವ್ವ ಈ ಮನೆಯಲ್ಲಿ ಒಂದು ತುತ್ತು ಉಣ್ಣದಿದ್ದರೆ ನನ್ನ ಮದುವೆ ಅವಳ ಪಾಲಿಗೆ ಆಗಿಯೇ ಇರಲಿಲ್ಲ.

ಯಳಂದೂರಿನಲ್ಲಿ ಚಿಕ್ಕಮ್ಮ ಶಿವರತ್ನಮ್ಮನ ಗೃಹಪ್ರವೇಶ ಮುಗಿಸಿಕೊಂಡು ಹಿಂತಿರುಗುವ ದಾರಿಯಲ್ಲಿ ಅವ್ವನನ್ನು ಕರೆತರುತ್ತೇನೆಂದು ಅಪ್ಪ ಫೋನ್ ಮಾಡಿದ. ದನಿಯಲ್ಲಿ ಅರ್ಧ ಸಂತೋಷ ಮಾತ್ರ ಇತ್ತು. "ಬತ್ತಾಳೆ ಕನವ್ವ. ಆದ್ರೆ ನೀರ್ ಕುಡ್ದು ಎದ್ ಬತ್ತೀನಿ ಅಂತವಳೆ."

ಅತ್ತೆ ಹೋಳಿಗೆ ಎಂದರು. ಹೋಳಿಗೆಯಾದರೆ ಅವ್ವ ಹಲ್ಲು ನೋವೆಂದು ತಪ್ಪಿಸಿಕೊಳ್ಳುತ್ತಾಳೆ, ಉಪ್ಸಾರು ಮಾಡಿದರೆ ಮನಸ್ಸು ತಡೆಯದೆ ಕೂತಾಳು ಎಂದು ನಾನು ಹೇಳಿ ನೋಡಿದೆ. ಮೊದಲ ಸಲ ಮನೆಗೆ ಬರುವ ಬೀಗಿತ್ತಿಗೆ ಕೈ ತೊಳೆದ ನೀರು ಬಡಿಸಿದರೆ ಬೀದಿಯವರು ಮುಖಕ್ಕೆ ಉಗಿಯುತ್ತಾರೆ ಎಂದು ಅವರು ನನ್ನ ಬಾಯಿ ಮುಚ್ಚಿಸಿದರು. ಬೀಗರು ಬರುವ ದಿನ ಸೊಸೆ ಒಲೆ ಮುಂದೆ ನಿಲ್ಲಬಾರದಂತೆ. ನನ್ನನ್ನೂ ಹೇಮಂತರನ್ನೂ ಬೆಳಿಗ್ಗೆಯೇ ಬಸ್‌ಸ್ಟ್ಯಾಂಡಿಗೆ ಅಟ್ಟಿದರು.

ಅವ್ವ ಬಂದಳು. ಚಾಪೆ ಹಾಸಿದರೂ ಗೋಡೆಗೆ ಒರಗಿ ನೆಲದ ಮೇಲೇ ಕೂತಳು. ಹೇಳಿದ ಮಾತಿನಂತೆ ನೀರು ಕುಡಿದು, ಲೋಟವನ್ನು ತುಟಿಗೆ ತಾಗಿಸದೆ ಮೇಲಿನಿಂದ ಸುರಿದುಕೊಂಡು, ಲೋಟ ಪಕ್ಕಕ್ಕಿಟ್ಟಳು. ಯಳಂದೂರಿನಲ್ಲಿ ಗಡದ್ದಾಗಿ ತಿಂದು ಬಂದಿದ್ದೇನೆ ಎಂದು ಅತ್ತೆಗೆ ಹೇಳಿದಳು. ಅಪ್ಪ ಒಬ್ಬನೇ ತಟ್ಟೆ ಮುಂದೆ ಕೂತ.

ಅತ್ತೆ ಅವನಿಗೆ ಹೋಳಿಗೆ ಬಡಿಸಿದರು. ಆಮೇಲೆ ಒಳಗೆ ಹೋಗಿ ಮುದ್ದೆ ತಂದರು, ಅದರ ಹಿಂದೆಯೇ ಒಂದು ಪಾತ್ರೆ. ನನ್ನ ಕಡೆ ನೋಡದೆ, "ಉಪ್ಸಾರೂ ಮಾಡಿದೀನಿ," ಎಂದರು.

ನನಗೆ ಅಳುವೇ ಬಂತು. ಬೀದಿಯವರನ್ನು ಬದಿಗಿಟ್ಟು, ನಾನು ಹೊರಗೆ ಹೋದ ಮೇಲೆ, ಯಾರನ್ನೂ ಕೇಳದೆ ಮಾಡಿದ್ದರು. ಆದರೆ ಪಾತ್ರೆಯೊಳಗೆ ಕಣ್ಣು ಹಾಯಿಸಿದ ಮೇಲೆ ತಲೆ ಮೇಲೆ ಕೈ ಹೊತ್ತು ಕೂರುವಂತಾಯಿತು. ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ ತೇಲುತ್ತಿತ್ತು. ತೆಂಗಿನಕಾಯಿ ರುಬ್ಬಿ ಹಾಕಿದ್ದರಿಂದ ಕಟ್ಟು ಬೆಳ್ಳಗಾಗಿತ್ತು. ಖಾರವನ್ನು ಅದರಲ್ಲೇ ಕದಡಿ, ಬೆಲ್ಲವನ್ನೂ ಹಾಕಿದ್ದಾರೆಂದು ವಾಸನೆಯೇ ಹೇಳುತ್ತಿತ್ತು. ಬರಿ ನೀರನ್ನು ಬೀಗರ ಮುಂದೆ ಇಡಲು ಅವರ ಕೈ ಬಂದಿರಲಿಲ್ಲ.

ಅಪ್ಪ ಒಂದು ತುತ್ತು ನುಂಗಿ, ಚೆನ್ನಾಗಿದೆ ಎಂದ. ಅಪ್ಪ ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ. ಅವ್ವ ಕೂತಲ್ಲಿಂದಲೇ ಕತ್ತು ಚಾಚಿ ಅವನ ತಟ್ಟೆ ನೋಡಿದಳು.

"ಉಪ್ಸಾರ್ಗೆ ಒಗ್ಗರಣೆ ಆಕಿದ್ದೀರಾ?"

ದೇವರ ಮನೆಯಲ್ಲಿ ಚಪ್ಪಲಿ ಕಂಡವಳ ದನಿ ಅದು. ಅತ್ತೆ ಸೆಟೆದುಕೊಂಡು, ಹಾಕದಿದ್ದರೆ ಅದಕ್ಕೆ ರುಚಿ ಎಲ್ಲಿಂದ ಬರಬೇಕು ಎಂದು ಕೇಳಿದರು. ಅವ್ವ ಎದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ನೆಟ್ಟಗೆ ಅಡುಗೆಮನೆಗೆ ನಡೆದಳು. ಉಳಿದ ಸೊಪ್ಪು ಎಲ್ಲಿದೆ, ಬೇಳೆ ಎಲ್ಲಿದೆ ಎಂದು ಅತ್ತೆಯನ್ನೇ ಕೇಳಿ ಕೇಳಿ ತೆಗೆಸಿದಳು. ನನ್ನ ಮದುವೆಯ ಮೇಲಿದ್ದ ಕೋಪಕ್ಕಿಂತ ದೊಡ್ಡ ಕೋಪವೊಂದು ಅವಳಿಗೆ ಸಿಕ್ಕಿತ್ತು.

ಕುಕ್ಕರ್ ಕೂಗಿತು. ಅವ್ವ ಮೆಣಸಿನಕಾಯಿ ಕೈಗೆತ್ತಿಕೊಂಡಳು. ಅತ್ತೆ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಗ್ಗದ ಸದ್ದು ನಿಂತಿತು. ಮಾವ ಮೂಗಿಗೆ ಟವೆಲ್ ಕಟ್ಟಿಕೊಂಡು ಬಾಗಿಲಲ್ಲಿ ಕಾಣಿಸಿದರು.

"ಮಗ್ಗ ನಿಲ್ಸಿದೀನಿ. ನಿಮ್ಮ ಪಾಡಿಗೆ ನೀವು ಸುಡಿ," ಎಂದು ಹೇಳಿ ಜಗುಲಿಗೆ ಹೋದರು.

ಮನೆಯವರೆಲ್ಲ ಕೆಮ್ಮಿದೆವು. ಅತ್ತೆ ಕಣ್ಣೊರೆಸಿಕೊಳ್ಳುತ್ತ ಬೈದರು, ಬೈಯುತ್ತಲೇ ಬೆಳ್ಳುಳ್ಳಿ ಸುಲಿದು ಕೊಟ್ಟರು. ಅವ್ವ ಖಾರ ಅರೆದು, ಕಲ್ಲು ತೊಳೆದ ನೀರನ್ನು ಕಟ್ಟಿಗೆ ಸುರಿದು, ಒಂದು ಕುದಿ ಬರಿಸಿದಳು. ಆಮೇಲೆ ದಿನವೂ ಮಾಡುವಂತೆ ಸೌಟಿನಿಂದ ನಾಲ್ಕು ಹನಿ ಅಂಗೈಗೆ ಬಿಟ್ಟುಕೊಂಡು ಉಪ್ಪು ನೋಡಲು ನೆಕ್ಕಿದಳು.

ಅಲ್ಲೇ ನಿಂತುಬಿಟ್ಟಳು. ಎಂಜಲಾದ ಅಂಗೈ ಇನ್ನೂ ಬಾಯಿಯ ಹತ್ತಿರವೇ ಇತ್ತು. ನಾನು ನೋಡಿದೆ, ಅತ್ತೆಯೂ ನೋಡಿದರು. ಅತ್ತೆ ಮನಸ್ಸು ಮಾಡಿದ್ದರೆ ಆಗ ಒಂದು ಮಾತು ಆಡಬಹುದಿತ್ತು, ನಾಲಿಗೆಗೆ ಅವರಿಗೇನೂ ಬರವಿಲ್ಲ. ಆಡಿದ್ದರೆ ಅವ್ವ ಸೌಟು ಇಟ್ಟು ಹೊರಟೇ ಹೋಗುತ್ತಿದ್ದಳು. ಅವರು ಇನ್ನೊಂದು ತಟ್ಟೆ ತೆಗೆದು, ಸೆರಗಿನಲ್ಲಿ ಒರೆಸಿ, ನನ್ನ ಕೈಗೆ ಕೊಟ್ಟರು.

"ನಿಮ್ಮವ್ವಂಗೆ ಬಡ್ಸು."

ನಾನು ಬಡಿಸಿದೆ. ಅವ್ವ ಚಾಪೆಯ ಮೇಲೆ ಕೂತಳು. ಮುದ್ದೆ ಮುರಿದು, ಖಾರಕ್ಕೆ ಸವರಿ, ಕಟ್ಟಿನಲ್ಲಿ ಅದ್ದಿ ನುಂಗಿದಳು. ನಾನು ತವರಿನಲ್ಲಿ ಎಷ್ಟೋ ಸಲ ನೋಡಿದ್ದ ಊಟವೇ ಅದು, ಆದರೂ ಅವಳ ಬಾಯಿಂದ ಕಣ್ಣು ಕೀಳಲಾಗಲಿಲ್ಲ.

ಅತ್ತೆಯೂ ಪಕ್ಕದಲ್ಲಿ ತಟ್ಟೆ ಹಾಕಿಕೊಂಡು ಕೂತರು. ಒಂದು ತುತ್ತಿಗೇ ಮೂಗು ಸೋರಿತು. ಖಾರ ವಿಪರೀತವಾಯಿತು, ಚೂರು ಬೆಲ್ಲ ಬಿದ್ದಿದ್ದರೆ ಸರಿಹೋಗುತ್ತಿತ್ತು ಎಂದರು. ಬೆಲ್ಲ ತಿನ್ನಬೇಕೆಂದರೆ ಹೋಳಿಗೆ ಇದೆಯಲ್ಲ ಎಂದು ಅವ್ವ ತಿರುಗಿಸಿ ಕೊಟ್ಟಳು. ಇಬ್ಬರೂ ಸೋಲಲಿಲ್ಲ, ಇಬ್ಬರೂ ತಟ್ಟೆ ಬಿಟ್ಟು ಏಳಲೂ ಇಲ್ಲ.

ಹೊತ್ತು ನೋಡಿ ಹೇಮಂತ್ ಬೈಕಿನ ಕೀ ತೆಗೆದುಕೊಂಡರು. ಲೊಕ್ಕನಹಳ್ಳಿಯ ಬಸ್ಸಿಗೆ ಸಮಯವಾಯಿತು, ಒಬ್ಬೊಬ್ಬರನ್ನಾಗಿ ಬಿಟ್ಟು ಬರುತ್ತೇನೆ ಎಂದರು. ಅಪ್ಪ ಎದ್ದು ನಿಂತ. ಅವ್ವ ತಲೆ ಎತ್ತಲಿಲ್ಲ, ಪಾತ್ರೆಯನ್ನು ತನ್ನ ಕಡೆಗೆ ಎಳೆದುಕೊಂಡು ಇನ್ನೊಂದು ಸೌಟು ಬಡಿಸಿಕೊಂಡಳು.

"ಉಪ್ಸಾರು ನಾಳೀಕೆ ಇನ್ನೂ ಚೆಂದಾಗಿರ್ತದೆ," ಎಂದಳು. "ತಿನ್ಕಂಡು ನಾಳೆ ಓದ್ರಾಯ್ತು."

ಅತ್ತೆ ಕೈ ತೊಳೆದು, ಒಳಕೋಣೆಗೆ ಹೋಗಿ, ಮಟಮಟ ಮಧ್ಯಾಹ್ನದಲ್ಲೇ ಅವ್ವನಿಗೆ ಹಾಸಿಗೆ ಹಾಸತೊಡಗಿದರು.