ಮೂರು ಅಂದರೆ ಮೂರೇ

ಎಲಚಿ ಎಲೆ ಹಾಕಿ ಕಾಯಿಸಿದ ನೀರನ್ನು ತಾಂಕೊ ಒಳಗೆ ಒಯ್ಯುತ್ತಿದ್ದಾಗ ದೇಲು ಬಾಗಿಲಿಗೆ ಅಡ್ಡ ನಿಂತಳು. ಒಳಗೆ ಅವನ ಗುರು ಮಾಲಂ ಶಿತು ಅವರ ದೇಹ ಕೊನೆಯ ಸ್ನಾನಕ್ಕೆ ಕಾದಿತ್ತು. ಬೆಳಗಿನ ನಮಾಜಿಗೆ ಕೂತವರು ಹಾಗೇ ಒರಗಿಬಿಟ್ಟಿದ್ದರು.

"ಒಂದ್ಸಲ ಮುಖ ನೋಡ್ತೀನಿ ಕಣಪ್ಪ."

ತಾಂಕೊ ತಲೆ ತಗ್ಗಿಸಿದ. ಕುರಾನಿನ ಕಟ್ಟಳೆಯ ವಚನಗಳಿಗೆ ಹಿಂದಿನವರು ಬರೆದ ವ್ಯಾಖ್ಯಾನವನ್ನು ಅವನು ಕಲಿತದ್ದು ಇದೇ ಮನೆಯ ಪಡಸಾಲೆಯಲ್ಲಿ, ಮಾಲಂ ಬಾಯಿಂದ.

"ಹೆಂಡತಿಯಾಗಿದ್ರೆ ನೀವೇ ನೀರು ಹಾಕಬಹುದಿತ್ತಮ್ಮ. ತಲಾಖ್ ಆದ್ಮೇಲೆ... ಅವರಿದ್ದಿದ್ರೆ ಏನು ಹೇಳ್ತಿದ್ರು, ನಿಮಗೇ ಗೊತ್ತು."

"ನಿನಗಿಂತ ಚೆನ್ನಾಗಿ ಗೊತ್ತು." ದೇಲು ದಾರಿ ಬಿಟ್ಟಳು.

*

ವರ್ಷಗಳ ಹಿಂದೆ, ದೇಲು ತವರಿನಿಂದ ತಡವಾಗಿ ಬಂದಳೆಂದು ಹತ್ತಿದ ಜಗಳ. ತಲಾಖಿನ ಮಾತನ್ನು ಶಿತು ಒಂದೇ ಉಸಿರಿಗೆ ಮೂರು ಸಲ ಆಡಿಬಿಟ್ಟಿದ್ದರು. ಸಂಜೆ ಮಾವನ ಮನೆ ಮುಂದೆ ಕೂತು ಅತ್ತರು.

"ಇನ್ನೊಬ್ಬನ್ನ ಮದುವೆಯಾಗಿ ಬಿಡುಗಡೆಯಾದ್ರೆ ತಾನೆ ಅವಳು ಮತ್ತೆ ನಿನಗೆ? ಒಂದು ರಾತ್ರಿ ಯಾರಾದ್ರೂ ಮುದುಕನಿಗೆ ಕಟ್ಟಿ ಬಿಡಿಸ್ಕೊಳ್ಳಪ್ಪ. ಆಮೇಲೆ ನಿನ್ನವಳೇ," ಎಂದರು ಊರವರು.

"ದೇವರಿಗೇ ಟೋಪಿ ಹಾಕೋದಾ?" ಎಂದರು ಶಿತು.

ಅವರು ಬೇರೆ ಮದುವೆಯಾಗಲಿಲ್ಲ. ದೇಲುವೂ ಆಗಲಿಲ್ಲ. ಅವರ ಮನೆ ಮುಂದಿನ ಕೆಮ್ಮಣ್ಣಿನ ಬೀದಿಯ ಆಚೆ ಬದಿಗೆ ಒಲೆ ಹೂಡಿ ಅಲಸಂದೆ ವಡೆ ಕರಿಯತೊಡಗಿದಳು. ಪಡಸಾಲೆಯ ಪಾಠ ಅಲ್ಲಿಗೆ ಕೇಳುತ್ತಿತ್ತು.

ಒಮ್ಮೆ ತಲಾಖಿನ ವಚನ ಬಂತು. ಒಂದೇ ಉಸಿರಿನ ಮೂರನ್ನು ಒಂದೇ ಎಂದು ಎಣಿಸಿ, ಹೆಂಡತಿಯನ್ನು ಮರಳಿ ಕರೆದುಕೊಳ್ಳಬಹುದು ಎಂದವರೂ ಇದ್ದಾರೆ ಎಂದು ಮಾಲಂ ಹೇಳಿದರು.

"ಹಾಗಾದ್ರೆ ಅದನ್ನೇ ಹಿಡೀಬಹುದಲ್ಲ, ಮಾಲಂ?" ಎಂದ ತಾಂಕೊ.

ಬಾಣಲೆಯಲ್ಲಿ ವಡೆ ಸೀಯುತ್ತಿತ್ತು. ದೇಲು ಅಲುಗಲಿಲ್ಲ.

"ನಮ್ಮಲ್ಲಿ ಮೂರು ಅಂದ್ರೆ ಮೂರೇ. ಬಂದವರಿಗೆಲ್ಲ ಹಾಗೇ ಹೇಳಿ ಕಳಿಸಿ, ನನ್ನ ಸರದಿಗೆ ಬೇರೆ ಪುಟ ತಿರುವಲಾ?" ಎಂದರು ಮಾಲಂ.

ಮತ್ತೆ ಆ ವಚನ ಬಂದಾಗಲೆಲ್ಲ ದೇಲು ಬಾಣಲೆ ಇಳಿಸಿ ಕಿವಿಗೊಡುತ್ತಿದ್ದಳು. ಉತ್ತರ ಬದಲಾಗಲಿಲ್ಲ.

*

ಶವ ಹೊತ್ತ ಗಂಡಸರು ತಿರುವಿನಲ್ಲಿ ಮರೆಯಾದರು. ಅಂಗಳದಲ್ಲಿ ಹೆಂಗಸರಷ್ಟೇ ಉಳಿದರು. ದೇಲು ಮಾಲಂ ತಂಗಿಯ ಪಕ್ಕ ಕೂತಳು.

"ಗಂಬೋ, ವಿಧವೆ ನಾಲ್ಕು ತಿಂಗಳು ಹತ್ತು ದಿನ ಒಡವೆ ಬಿಟ್ಟು ಮನೇಲೇ ಕೂರಬೇಕು. ನಾನು?"

"ನಿಂಗೆ ಒಂದು ದಿನಾನೂ ಇಲ್ಲ, ಅತ್ತಿಗೆ," ಎಂದಳು ಗಂಬೋ. ಬಾಯಿಂದ ಬಂದ ಆ ಕರೆಗೆ ತಾನೇ ಬೆಚ್ಚಿ, ಅಳತೊಡಗಿದಳು.

ದೇಲು ಕಿವಿಯ ಓಲೆಗಳನ್ನು ಬಿಚ್ಚಿ ಬಟ್ಟೆಯ ತುದಿಗೆ ಗಂಟು ಹಾಕಿಕೊಂಡಳು.

ಅಷ್ಟರಲ್ಲಿ ದೂರದ ಹಳ್ಳಿಯಿಂದ ಮುದುಕಿಯೊಬ್ಬಳು ಬಂದಳು. ಸುತ್ತ ನೋಡಿ, ಓಲೆಯಿಲ್ಲದ ಹೆಂಗಸಿನ ಮುಂದೆ ಕುಕ್ಕರಿಸಿ, ಅವಳೆರಡೂ ಕೈ ಹಿಡಿದುಕೊಂಡಳು.

"ದೇವರು ನಿನ್ನ ಗಂಡನನ್ನ ಮನ್ನಿಸ್ಲಿ, ಮಗಳೇ."

ಹೆಂಗಸರು ಗಂಬೋಳ ಮುಖ ನೋಡಿದರು. ಗಂಬೋ ನೆಲ ನೋಡಿದಳು. ದೇಲು ಕೈ ಬಿಡಿಸಿಕೊಳ್ಳಲಿಲ್ಲ.

"ಆಮೀನ್," ಎಂದಳು.