ಕಲ್ಲಿಗೆ ಕಲ್ಲು ಕೊಟ್ಟವರು

ಪ್ರೇಮಲೀಲಾ ಯಾರ ಮನೆಗೆ ಹೋದರೂ ಬಾಗಿಲು ತೆರೆದವರ ಮುಖವನ್ನು ಮೊದಲು ನೋಡುತ್ತಿರಲಿಲ್ಲ. ಅವರು ನಿಂತ ಮೆಟ್ಟಿಲುಕಲ್ಲನ್ನು ನೋಡುತ್ತಿದ್ದರು. ಏನೋ ಕಳೆದುಕೊಂಡವರ ಹಾಗೆ ತಲೆ ತಗ್ಗಿಸಿ, ಚರಂಡಿಯ ಚಪ್ಪಡಿ ಬಂದಲ್ಲಿ ನಿಧಾನಿಸಿ, ಮತ್ತೆ ಬಿರಬಿರನೆ ಹೊರಡುವ ಆ ನಡಿಗೆಯನ್ನು ಲಷ್ಕರ್ ಮೊಹಲ್ಲಾದ ಅಂಗಡಿಯವರು ದೂರದಿಂದಲೇ ಗುರುತಿಸುತ್ತಿದ್ದರು. ಸೀರೆಯ ಮೇಲೊಂದು ಬಿಳಿಯ ಕೋಟು. ಗಂಡ ಮೃತ್ಯುಂಜಯ ತಮ್ಮ ಫೋಟೋ ಸ್ಟುಡಿಯೋದ ಕತ್ತಲೆಕೋಣೆಯಲ್ಲಿ ಹಾಕಿಕೊಳ್ಳುತ್ತಿದ್ದದ್ದು. ತೋಳಿನ ತುಂಬ ಫಿಲ್ಮ್ ತೊಳೆಯುವ ಔಷಧದ ಕಂದು ಕಲೆ. "ಯಾಕ್ರೀ ಈ ಸೆಕೇಲಿ?" ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಸೀರೆಗೆ ಜೇಬು ಹೊಲಿದುಕೊಡಿ, ಈಗ್ಲೇ ಬಿಚ್ಚಾಕ್ತೀನಿ" ಎಂದರು. ಆ ಜೇಬುಗಳಲ್ಲಿ ಡಿಜಿಟಲ್ ಕ್ಯಾಮೆರಾ, ಮೆತ್ತನೆಯ ಬ್ರಷ್, ಮೃತ್ಯುಂಜಯರ ಕ್ಷೌರದ ದುಂಡು ಕನ್ನಡಿ. "ಅವ್ರೀಗ ಗಡ್ಡ ಬಿಟ್ಟಿದಾರೆ. ಬಿಡದೆ ಇನ್ನೇನ್ ಮಾಡ್ತಾರೆ?"

ತೊಂಬತ್ತರ ದಶಕವಿಡೀ ಅವರು ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ಒಲೆಯ ಮೇಲೆ ಅನ್ನಕ್ಕಿಟ್ಟು, ನೆಗೆಟಿವ್‌ಗಳ ಮೇಲೆ ಸಣ್ಣ ಪೆನ್ಸಿಲ್ಲಾಡಿಸಿ ಮದುವಣಗಿತ್ತಿಯರ ಮೊಡವೆ ಅಳಿಸಿದವರು. ಬೋರ್ಡಿನ ಮೇಲೆ ಗಂಡನ ಹೆಸರೊಂದೇ ಇತ್ತು. ಕಂಪ್ಯೂಟರು ಬಂದು ಆ ಕೆಲಸ ಹೋದಾಗ ಬೀದಿಯವರು ಮರುಗಿದ್ದೂ ಮೃತ್ಯುಂಜಯರಿಗಾಗಿಯೇ. ಅಳಿಸುವುದನ್ನೇ ಕಸುಬು ಮಾಡಿಕೊಂಡಿದ್ದ ಈಕೆ ಅದೇ ಕಂಪ್ಯೂಟರು ಕಲಿತು, ಅಳಿಸಿಹೋಗುತ್ತಿದ್ದ ಶಾಸನಗಳನ್ನು ಹಿಡಿಯಲು ಹೊರಟರು. ಕನ್ನಡಿಯಿಂದ ಓರೆಯಾಗಿ ಬಿಸಿಲು ಬಿಟ್ಟರೆ ಸವೆದ ಅಕ್ಷರಕ್ಕೂ ನೆರಳು ಹುಟ್ಟುತ್ತದೆ. ನಾಲ್ಕು ದಿಕ್ಕಿನ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ಪರದೆಯ ಮೇಲೆ ಕೂಡಿಸಿದರೆ ಸಾಲು ಎದ್ದು ಬರುತ್ತದೆ.

ಎರಡು ಸಾವಿರದ ಮೂರರಲ್ಲಿ ಅಂಥದೊಂದು ಶಾಸನದ ಕಲ್ಲು ತಿಮ್ಮಮ್ಮನವರ ವಠಾರದ ನಲ್ಲಿಯ ಬಳಿ ಸಿಕ್ಕಿತು. ವಠಾರದ ಹೆಂಗಸರೆಲ್ಲ ಅದರ ಮೇಲೆಯೇ ಬಟ್ಟೆ ಒಗೆಯುತ್ತಿದ್ದರು. ಒಂದೊಂದು ಒಗೆತಕ್ಕೂ ಒಂದಿಷ್ಟು ಅಕ್ಷರ ನೊರೆಯಲ್ಲಿ ಹೋಗುತ್ತಿದೆ ಎಂದು ಪ್ರೇಮಲೀಲಾಗೆ ಸಂಕಟ. ತಿಮ್ಮಮ್ಮ ಸೆರಗು ಸಿಗಿಸಿ ಅಡ್ಡ ನಿಂತರು. "ನಿಮ್ಗಿಂತ ಮುಂಚೆ ಇಬ್ರು ದೊಡ್ಡ ಮನುಸ್ರು ಬಂದು, ಒಗೀಬ್ಯಾಡಿ ಅಂತ ಬೈದ್ಬುಟ್ಟು ಒಂಟೋದ್ರು ಕಣಮ್ಮ. ಇನ್ನೆಲ್ ಒಗೀಲಿ, ಅವ್ರ್ ತಲೆ ಮ್ಯಾಲಾ?"

ಪ್ರೇಮಲೀಲಾ ವಾದಿಸಲಿಲ್ಲ. ಮಾರನೆಯ ದಿನ ತಮ್ಮ ಹಿತ್ತಿಲಿನ ಒಗೆಯುವ ಕಲ್ಲನ್ನೇ ಕೀಳಿಸಿ, ಕೈಗಾಡಿಯಲ್ಲಿ ತಂದು ನಲ್ಲಿಯ ಬಳಿ ಹಾಕಿಸಿದರು.

"ಅಯ್ಯೋ, ನಿಮ್ಮನೇಲಿ?"

"ಮನೆಯವ್ರಿಗೆ ಬಕೆಟ್ ತೋರ್ಸಿ ಬಂದಿದೀನಿ."

ವಠಾರವೇ ನಕ್ಕಿತು. ಶಾಸನದ ಕಲ್ಲನ್ನು ಎಲ್ಲರೂ ಸೇರಿ ಗೋಡೆಗೆ ನಿಲ್ಲಿಸಿದರು. ಹೊರಡುವಾಗ ಪ್ರೇಮಲೀಲಾ, "ನೂರಾರು ವರ್ಷದ ಕಲ್ಲಮ್ಮ, ಗೌರವವಾಗಿ ನೋಡ್ಕೊಳ್ಳಿ" ಎಂದರು. ಎಡವಿದ್ದು ಅಲ್ಲಿ. ಶುಕ್ರವಾರ ಕ್ಯಾಮೆರಾ ಹಿಡಿದು ಬಂದರೆ, ಕಲ್ಲಿನ ಮೈಯೆಲ್ಲ ಎಣ್ಣೆ, ಅಕ್ಷರದ ಗುಳಿಗಳಲ್ಲಿ ಅರಿಶಿನ, ಬುಡದಲ್ಲಿ ಒಡೆದ ತೆಂಗಿನಕಾಯಿ! "ಗೌರವ ಅಂದ್ರಲ್ಲಾ, ಅದ್ಕೇಯ" ಎಂದರು ತಿಮ್ಮಮ್ಮ. ಪ್ರೇಮಲೀಲಾ ಅಲ್ಲೇ ಕುಕ್ಕರಿಸಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ತಪ್ಪು ನಂದೇ ತಿಮ್ಮಮ್ಮನೋರೇ. ಗೌರವ ಅಂದ್ರೆ ನಮ್ಮೆಲ್ರಿಗೂ ಎಣ್ಣೇನೇ ತಾನೇ!" ಆಮೇಲೆ ಬೆಚ್ಚನೆ ನೀರು ತರಿಸಿ, ಹಸುಗೂಸಿನ ಮೈ ತೊಳೆಯುವವರಂತೆ ತೊಳೆದು, ಕನ್ನಡಿಯನ್ನು ತಿಮ್ಮಮ್ಮನ ಕೈಗಿತ್ತರು. "ಬೆಳಕು ನೀವು ಹಿಡೀರಿ."

ಚಿತ್ರಗಳನ್ನು ಓದಿದ್ದು ಲಕ್ಷ್ಮೀಪುರಂನ ನಿವೃತ್ತ ಮೇಷ್ಟ್ರು, ಹಳೆಯ ಲಿಪಿ ಬಲ್ಲ ಅನಂತಪದ್ಮನಾಭ. ನಾವೆಲ್ಲ ಸ್ಟುಡಿಯೋದ ಕಂಪ್ಯೂಟರಿನ ಮುಂದೆ ಒತ್ತಿಕೊಂಡು ನಿಂತಿದ್ದೆವು. ಯಾರೋ ಹೆಂಗಸು ದಾರಿಹೋಕರಿಗೂ ದನಕರುಗಳಿಗೂ ಬಾವಿ ತೋಡಿಸಿದ್ದಳಂತೆ. ಅವಳ ತಂದೆಯ ಹೆಸರಿದೆ, ಗಂಡನ ಹೆಸರಿದೆ. ಅವಳ ಹೆಸರಿದ್ದ ಜಾಗ, ಬಟ್ಟೆ ಬೀಳುತ್ತಿದ್ದ ನಡುಮಧ್ಯ, ನುಣ್ಣಗಾಗಿಬಿಟ್ಟಿದೆ.

"ಎಸ್ರು ನಾನೇ ಒಗ್ದ್ಬುಟ್ನಾ?" ಎಂದರು ತಿಮ್ಮಮ್ಮ, ಸಣ್ಣ ದನಿಯಲ್ಲಿ.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಪ್ರೇಮಲೀಲಾ ತಿಮ್ಮಮ್ಮನ ಹೆಗಲ ಮೇಲೆ ಕೈಯಿಟ್ಟು, "ನೀರು ಕೊಟ್ಟೋಳ ಕಲ್ಲು. ಅದ್ರ ಮೇಲೆ ಇಷ್ಟು ದಿನ ನೀರಿನ ಕೆಲ್ಸವೇ ನಡೀತು ಬಿಡಿ. ಉಳಿದಿರೋದನ್ನ ನೋಡ್ಕೊಳ್ಳೋಣ" ಎಂದರು.

ಆಮೇಲೆ ಭಾನುವಾರಗಳಂದು ವಠಾರದ ಹೆಂಗಸರೇ ಜನರನ್ನು ಮೊಹಲ್ಲಾದ ಹಳೆಯ ಕಲ್ಲುಗಳ ಬಳಿ ಕರೆದೊಯ್ಯತೊಡಗಿದರು. ಕೊನೆಗೆ ವಠಾರದಲ್ಲಿ ಚಿತ್ರಾನ್ನ, ಕಾಫಿ, ಸ್ಟುಡಿಯೋದಲ್ಲಿ ಅಚ್ಚಾದ ಶಾಸನದ ಚಿತ್ರಗಳ ಮಾರಾಟ. ಬಂದ ಹಣದಲ್ಲಿ ಹೆಂಗಸರ ಕೂಲಿ ಕಳೆದು ಉಳಿದದ್ದು ಹೊಸ ಒಗೆಯುವ ಕಲ್ಲುಗಳಿಗೆ. ಯಾವ ಹಿತ್ತಿಲಿನಿಂದ ಶಾಸನ ಎದ್ದರೂ ಆ ಹಿತ್ತಿಲಿಗೊಂದು. ಪ್ರೇಮಲೀಲಾ ಇಟ್ಟ ಷರತ್ತು ಒಂದೇ: ದಾರಿ ತೋರಿಸುವವರು ಅಂದು ಒಲೆ ಮುಟ್ಟಕೂಡದು. ಹಾಗಾಗಿ ಚಿತ್ರಾನ್ನ ಗಂಡಸರದ್ದು. ಉಪ್ಪು ಸದಾ ಜಾಸ್ತಿ. ದೂರಿದವರಿಗೆ, "ಕಲೀತಾವ್ರೆ ಕಣ್ರೀ, ತಿನ್ನಿ" ಎಂದು ತಿಮ್ಮಮ್ಮನ ಉತ್ತರ.

ಹಳೆಯದನ್ನು ಉಳಿಸಬೇಕೆನ್ನುವವರು ನಮ್ಮೂರಲ್ಲಿ ಎಂದೂ ಕಡಿಮೆಯಿರಲಿಲ್ಲ. ಆದರೆ ಉಳಿಸಿದ ಮೇಲೆ ಅಲ್ಲಿನ ಹೆಂಗಸು ಬಟ್ಟೆ ಎಲ್ಲಿ ಒಗೆಯಬೇಕು ಎಂದು ಕೇಳಿಕೊಂಡು ಬರುವವರು ಅಪರೂಪ. ಇಂಥವರು ಮನೆಗೆಲಸ ಮಾಡಿ ಬಲ್ಲವರು. ತೊಳೆದದ್ದು ನಾಳೆ ಮತ್ತೆ ಕೊಳೆಯಾಗುತ್ತದೆ, ಮತ್ತೆ ತೊಳೆಯಬೇಕು ಎಂಬುದು ಅವರಿಗೆ ಬೇಸರದ ಸಂಗತಿಯಾಗಿ ಕಾಣುವುದಿಲ್ಲ. ಈಗಲೂ ತಿಮ್ಮಮ್ಮ ಕಲ್ಲು ತೋರಿಸುವಾಗ, ಅಕ್ಷರಗಳಿರುವ ಕಡೆಯೆಲ್ಲ ಕನ್ನಡಿಯನ್ನು ಸರಸರನೆ ಆಡಿಸಿ, ಹೆಸರಿಲ್ಲದ ಆ ನುಣುಪು ಜಾಗಕ್ಕೆ ಬಂದಾಗ ಬೆಳಕನ್ನು ತುಸು ಹೊತ್ತು ನಿಲ್ಲಿಸುತ್ತಾರೆ.